ಬತ್ತಿದ ಬೋರ್‌ವೆಲ್ಲಿಗೆ ಕಾವಲು

ನಮ್ಮ ಕಡೆಯ ಗಂಡಸರಿಗೆ ಅರವತ್ತು ದಾಟಿದ ಮೇಲೆ ಬರುವ ಕಾಯಿಲೆ ಒಂದೇ, ಸೊಂಟ ನೋವು. ಹಾಗಂತ ಅವರು ಹೇಳುತ್ತಾರೆ. ಪಾವಗಡ, ಶಿರಾ, ಕೊರಟಗೆರೆ, ಕೊನೆಗೆ ಮಧುಗಿರಿ, ಇಷ್ಟು ಕಡೆ ಸರ್ಜನ್ ಆಗಿ ತಿರುಗಿ ನಿವೃತ್ತನಾದವನು ನಾನು. ನನ್ನ ಮುಂದೆ ಕೂತು ‘ಮೂತ್ರದ ತೊಂದರೆ ಇದೆ’ ಎಂದು ತಾವಾಗಿಯೇ ಬಾಯಿಬಿಟ್ಟ ಹಿರಿಯರನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಉಳಿದವರೆಲ್ಲ ಸೊಂಟ ಹಿಡಿದುಕೊಂಡು ಬಂದವರು, ಇಲ್ಲವೇ ನಿದ್ದೆ ಹತ್ತುವುದಿಲ್ಲ ಎಂದವರು, ಇಲ್ಲವೇ ಹೆಂಡತಿಯ ಕಾಟಕ್ಕೆ ಬಂದು ತುಟಿ ಹೊಲಿದುಕೊಂಡು ಕೂತವರು. ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರುಗಳು ಆಗೊಮ್ಮೆ ಈಗೊಮ್ಮೆ ಮನೆಗೆ ಬಂದು, ಈ ಕಡೆ ಕೆಲಸ ಮಾಡಲು ಏನು ತಿಳಿದಿರಬೇಕು ಎಂದು ಕೇಳುತ್ತಾರೆ. ಮೊದಲು ಸೊಂಟ ನೋವನ್ನು ನಂಬಬೇಡಿ ಎನ್ನುತ್ತೇನೆ. ಅವರು ನಗುತ್ತಾರೆ. ನನಗೇನೂ ನಗು ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಹೇಳಬೇಕಾದರೆ ಮಿಡಿಗೇಶಿ ಕಡೆಯ ರಂಗಶಾಮಯ್ಯನವರ ವಿಷಯ ಹೇಳಬೇಕು.

ಆಗ ನಾನು ಮಧುಗಿರಿಯಲ್ಲಿದ್ದೆ. ಬೆಳಿಗ್ಗೆಯ ಹೊರರೋಗಿಗಳ ಸಾಲಿನಲ್ಲಿ ಗಂಡ ಹೆಂಡತಿ ಬಂದರು. ಗಂಡ ರಂಗಶಾಮಯ್ಯ, ಊರಿನಲ್ಲಿ ನ್ಯಾಯ ಪಂಚಾಯ್ತಿ ಹೇಳುವ ಯಜಮಾನರು, ಬಿಳಿ ಪಂಚೆ, ಮೇಲೊಂದು ಟವಲು. ಹೆಂಡತಿ ಸಿದ್ದಗಂಗಮ್ಮ. ಕೂರುವ ಮೊದಲೇ ಆಕೆ ಶುರುಮಾಡಿದರು.

“ಸಾ, ಇವ್ರ ತಲೆ ಸರಿಗಿಲ್ಲ. ಒಂದ್ಸಲ ನೋಡಿ.”

“ಏನಾಗಿದೆ ತಲೆಗೆ?”

“ದಿನಾ ಸಾಯಂಕಾಲ ಆದ್ರೆ ಚಾಪೆ ಸುತ್ಕಂಡು ಹೊಲದ ಪಂಪ್‌ಸೆಟ್ ಮನೆಗೆ ಹೊಂಟೋಯ್ತಾರೆ. ಕೇಳಿದ್ರೆ ಕೇಬಲ್ ಕಳ್ಳರು ಬತ್ತಾರೆ, ಕಾಯ್ಬೇಕು ಅಂತಾರೆ. ಆ ಬೋರು ಬತ್ತಿ ಯಾವ ಕಾಲ ಆಯ್ತು! ಮೋಟ್ರು ಮೇಲೆತ್ತಿ, ಕೇಬಲ್ಲು ಮಾರಿ ತಿಂದಿದ್ದೂ ಆಯ್ತು. ಇನ್ನೇನೈತೆ ಸಾ ಅಲ್ಲಿ ಕದಿಯಾಕೆ?”

ರಂಗಶಾಮಯ್ಯ ಕೆಮ್ಮಿದರು. “ಅದೆಲ್ಲ ಇರ್ಲಿ ಬುಡಿ ಸಾ. ನಂಗೆ ಒಸಿ ಸೊಂಟ ನೋವು, ಅಷ್ಟೇಯ. ಒಂದು ಮುಲಾಮು ಬರ್ಕೊಡಿ.”

ನಾನು ಅವರ ಸೊಂಟ ನೋಡಲಿಲ್ಲ, ಪಾದ ನೋಡಿದೆ. ಎರಡೂ ಕಾಲಿನ ಹೆಬ್ಬೆರಳ ಉಗುರಿಗೆ ಸುಣ್ಣ ಹಚ್ಚಿತ್ತು. ಉಚ್ಚೆ ಉರಿದರೆ, ಪದೇ ಪದೇ ಬಂದರೆ, ಸರಿಯಾಗಿ ಬಾರದಿದ್ದರೆ ಮೈಗೆ ಉಷ್ಣ ಆಗಿದೆ ಎಂದು ನಮ್ಮ ಕಡೆಯವರ ಲೆಕ್ಕ. ಉಷ್ಣ ಇಳಿಯಲು ಹೆಬ್ಬೆರಳಿಗೆ ಸುಣ್ಣ, ಹೊಕ್ಕುಳಿಗೆ ಹರಳೆಣ್ಣೆ. ಎಲೆ ಅಡಿಕೆ ಹಾಕುವವರ ಜೇಬಿನಲ್ಲಿ ಸುಣ್ಣದ ಡಬ್ಬಿ ಇದ್ದೇ ಇರುತ್ತದೆ, ಔಷಧಕ್ಕೆ ದೂರ ಹೋಗಬೇಕಿಲ್ಲ. ಬಾಯಿ ಮುಚ್ಚಿಟ್ಟದ್ದನ್ನು ಪಾದ ಹೇಳಿಬಿಡುತ್ತದೆ. ಪುಸ್ತಕದಲ್ಲಿ ಇಲ್ಲದ ಈ ಪರೀಕ್ಷೆಯನ್ನು ನಾನು ಕೊರಟಗೆರೆಯಲ್ಲಿದ್ದಾಗ ಕಲಿತೆ. ತೋವಿನಕೆರೆಯ ಒಬ್ಬ ರೈತ ನಿದ್ದೆ ಮಾತ್ರೆ ಕೇಳಿಕೊಂಡು ಮೇಲಿಂದ ಮೇಲೆ ಬರುತ್ತಿದ್ದ. ಅವನ ಹೆಬ್ಬೆರಳು ನೋಡಿ, ಸುಣ್ಣ ಯಾಕಪ್ಪ ಎಂದು ಸುಮ್ಮನೆ ಕೇಳಿದೆ, ಆಗ ಬಾಯಿಬಿಟ್ಟ. ರಾತ್ರಿಯೆಲ್ಲ ಎದ್ದೆದ್ದು ಹಿತ್ತಿಲಿಗೆ ಓಡುವವನಿಗೆ ನಿದ್ದೆ ಎಲ್ಲಿಂದ ಬರಬೇಕು? ಆಗಿನಿಂದ ನಾನು ಮೊದಲು ಕಾಲು ನೋಡುವುದು.

ಸಿದ್ದಗಂಗಮ್ಮನವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಆಮೇಲೂ ಯಜಮಾನರ ಬಾಯಿ ಬಿಡಿಸಲು ಸಾಕುಬೇಕಾಯಿತು. ಕೊನೆಗೆ ಗೋಡೆಗೆ ಹೇಳುವ ಹಾಗೆ ಹೇಳಿದರು. ಮೊದಮೊದಲು ಧಾರೆ ಸಣ್ಣದಾಯಿತಂತೆ. ನಿಂತು ತಿಣುಕಬೇಕು, ಮುಗಿಯಿತು ಎಂದುಕೊಂಡು ಪಂಚೆ ಬಿಟ್ಟರೆ ಮತ್ತೆ ತೊಟ್ಟಿಕ್ಕುತ್ತದೆ. ಪಂಚಾಯ್ತಿ ಕಟ್ಟೆಯಲ್ಲಿ ಎರಡು ಕಡೆಯವರ ಮಾತು ಮುಗಿಯುವವರೆಗೆ ಕೂರಲು ಆಗದೆ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಜಂಬ ಬಂದಿದೆ ಎಂದು ಊರವರು ಆಡಿಕೊಂಡರು. ಈಗ ಕೆಲವು ತಿಂಗಳಿಂದ ನಿದ್ದೆಯಲ್ಲಿ ಚಾಪೆಯೇ ಒದ್ದೆ.

“ಅದುಕ್ಕೇ ಪಂಪ್‌ಸೆಟ್ ಮನೆ,” ಎಂದೆ.

“ಹ್ಞೂಂ ಸಾ. ಅವ್ಳಿಗೆ ಏಳ್ಬ್ಯಾಡಿ. ನಿಮ್ ಕೈ ಮುಗೀತೀನಿ.”

“ಹೇಳಲ್ಲ. ಆದರೆ ನೀವು ಹೇಳಬೇಕು. ಮೊದಲು ಹೊಟ್ಟೆ ಮುಟ್ಟಿ ನೋಡ್ತೀನಿ, ಮಲಗಿ. ಮೂತ್ರ ಒಳಗೆ ಕಟ್ಟಿಕೊಂಡಿರೋ ಹಾಗಿದೆ.”

“ಕಟ್ಕಂಡೈತಾ? ದಿನಕ್ಕೆ ಹತ್ತಿಪ್ಪತ್ತು ಸಲ ಹೋಯ್ತಾ ಐತೆ, ನೀವು ಕಟ್ಕಂಡೈತೆ ಅಂತೀರಲ್ಲ!”

ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಕೇಳಿದಾಗಲೆಲ್ಲ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ರೈತರಿಗೆ ರೈತರ ಭಾಷೆಯಲ್ಲೇ ಹೇಳಿದೆ: ಕೆರೆಯ ತೂಬು ಮುಚ್ಚಿಹೋಗಿದೆ, ಕೆರೆ ತುಂಬಿ ಕೋಡಿ ಬಿದ್ದಿದೆ, ನೀವು ಕೋಡಿಯ ನೀರು ನೋಡಿಕೊಂಡು ತೂಬು ಚೆನ್ನಾಗಿದೆ ಎನ್ನುತ್ತಿದ್ದೀರಿ. ನೋವಿಲ್ಲ ಎಂದು ಸುಮ್ಮನಿದ್ದರೆ ಒತ್ತಡ ಹಿಂದಕ್ಕೆ ಹತ್ತಿ ಮೂತ್ರಪಿಂಡ ಹಾಳಾಗುತ್ತದೆ. ಇವತ್ತೇ ಮೂತ್ರ ಇಳಿಸಲು ನಳಿಕೆ ಹಾಕೋಣ, ರಕ್ತ ಪರೀಕ್ಷೆ ಮಾಡಿಸೋಣ, ಸ್ಕ್ಯಾನ್ ಮಾಡಿಸೋಣ.

ನಳಿಕೆ ಎಂದದ್ದೇ ತಡ, ಮನುಷ್ಯ ಪಂಚೆಯ ಗಂಟು ಹಿಡಿದುಕೊಂಡು ಎದ್ದುಬಿಟ್ಟರು. ಅವರ ಊರಿನಲ್ಲಿ ಯಾರೋ ಚೀಲ ತಗುಲಿಸಿಕೊಂಡು ಓಡಾಡುತ್ತಿದ್ದರಂತೆ, ಹುಡುಗರು ಹಿಂದಿನಿಂದ ಆಡಿಕೊಂಡು ನಗುತ್ತಿದ್ದರಂತೆ. ನಾಳೆ ಬರುತ್ತೇನೆ ಎಂದು ಮುಲಾಮಿನ ಚೀಟಿಯನ್ನೂ ತೆಗೆದುಕೊಳ್ಳದೆ ಹೊರಟರು. ವರಾಂಡದಲ್ಲಿ ಸಿದ್ದಗಂಗಮ್ಮ ನನ್ನ ಹಿಂದೆಯೇ ಬಂದರು. “ಸಾ, ನಿಜ ಏಳಿ. ನನ್ ಮ್ಯಾಲೆ ಏನಾದ್ರೂ ಬೇಜಾರಾ? ನಿಮ್ತಾವ ಅಂದ್ರಾ?” ರೋಗಿಯ ಗುಟ್ಟು ರೋಗಿಯದು. ನಿಮ್ಮ ಮೇಲೆ ಏನೂ ಇಲ್ಲಮ್ಮ, ಹೇಗಾದರೂ ಮಾಡಿ ನಾಳೆ ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿದೆ. ಆಕೆ ನಂಬಲಿಲ್ಲ ಎನ್ನುವುದು ಮುಖದಲ್ಲೇ ಗೊತ್ತಾಯಿತು. ನಾಳೆ ಬಂತು, ಅವರು ಬರಲಿಲ್ಲ.

ಇಷ್ಟಕ್ಕೂ ಇದು ಮುಚ್ಚಿಡಬೇಕಾದ ಕಾಯಿಲೆಯೇ? ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ ಕೂತಿರುವ ಒಂದು ಗ್ರಂಥಿ ಪ್ರಾಸ್ಟೇಟ್. ಹರೆಯದಲ್ಲಿ ನೆಲ್ಲಿಕಾಯಿಯಷ್ಟು ಇರುತ್ತದೆ. ವಯಸ್ಸಾದಂತೆ ಹಾರ್ಮೋನುಗಳ ಏರುಪೇರಿನಿಂದ ಹಿಗ್ಗುತ್ತದೆ, ತಲೆಕೂದಲು ನರೆತ ಹಾಗೆ. ಹಿಗ್ಗಿದ್ದು ನಾಳವನ್ನು ಒತ್ತಿದರೆ ತೊಂದರೆ, ಒತ್ತದಿದ್ದರೆ ಇಲ್ಲ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಆದರೆ ಅದೇ ವಯಸ್ಸಿನಲ್ಲಿ ಅದೇ ಗ್ರಂಥಿಗೆ ಕ್ಯಾನ್ಸರ್ ಬೇರೆಯಾಗಿ ಬರಬಹುದಾದ್ದರಿಂದ ಗುದದ್ವಾರದಲ್ಲಿ ಬೆರಳು ಹಾಕಿ ಮುಟ್ಟಿ ನೋಡಬೇಕು, ಬೇಕಾದರೆ ರಕ್ತ ಪರೀಕ್ಷೆಯನ್ನೂ ಮಾಡಿಸಬೇಕು. ಮುಟ್ಟಿ ನೋಡುತ್ತೇನೆ ಎಂದರೆ ಸಾಕು, ಅರ್ಧ ಜನ ಅಲ್ಲಿಂದಲೇ ಪರಾರಿ. ಹೆಂಗಸರು ಹೆರಿಗೆಯ ಹೊತ್ತಿನಲ್ಲಿ ಅನುಭವಿಸುವುದರ ಮುಂದೆ ಇದೊಂದು ನಿಮಿಷದ ಕೆಲಸ. ಹಾಗೆಂದು ನಾನು ರೇಗಿದ್ದೂ ಉಂಟು.

ಶಿರಾದಲ್ಲಿದ್ದಾಗ ಒಬ್ಬರು ಟೈಲರ್ ಸಾಹೇಬರು ಮಾತ್ರ ನೇರವಾಗಿ ಬಂದು ಹೇಳಿದರು. “ಡಾಕ್ಟರ್ ಸಾಬ್, ಪೇಶಾಬಿಂದು ತಕ್ಲೀಫು. ಕೈಕಾಲು ತೊಳ್ದು ವಜೂ ಮಾಡ್ಕೊಂಡು ಮಸೀದಿಗೆ ಹೋಗೋದ್ರೊಳಗೆ ಒಂದು ತೊಟ್ಟು ಬಿದ್ದೋಗುತ್ತೆ. ಮತ್ತೆ ವಾಪಸ್ ಬಂದು ತೊಳ್ಕೋಬೇಕು. ನಮಾಜೇ ತಪ್ತಾ ಇದೆ.” ನಮಾಜಿನ ಚಿಂತೆಯಿಂದಾದರೂ ಬಾಯಿಬಿಟ್ಟರಲ್ಲ ಎಂದು ನನಗೆ ಅವರ ಮೇಲೆ ಪ್ರೀತಿಯೇ ಬಂತು. ಅವರಿಗೆ ಬೇಕಾಗಿದ್ದದ್ದು ಮಾತ್ರೆ ಅಷ್ಟೆ. ಗ್ರಂಥಿಯ ಬಿಗಿ ಸಡಿಲಿಸುವ ಮಾತ್ರೆ ಕೆಲವೇ ದಿನಗಳಲ್ಲಿ ಗುಣ ತೋರಿಸುತ್ತದೆ, ಗ್ರಂಥಿಯನ್ನೇ ಕುಗ್ಗಿಸುವ ಇನ್ನೊಂದು ಮಾತ್ರೆಗೆ ತಿಂಗಳುಗಟ್ಟಲೆ ಕಾಯಬೇಕು. ಮೊದಲನೆಯದನ್ನು ತಗೊಂಡು ದಡಕ್ಕನೆ ಎದ್ದರೆ ತಲೆ ಸುತ್ತಬಹುದು, ಮಲಗುವಾಗ ತಗೊಳ್ಳಿ, ನಿಧಾನ ಏಳಿ ಎಂದು ಮೂರು ಸಲ ಹೇಳಿ ಕಳಿಸಿದೆ.

ಸಾಹೇಬರು ಚೆನ್ನಾಗಾದರು. ಗುಣವಾದ ಖುಷಿಗೆ ಪಕ್ಕದ ಅಂಗಡಿಯ ಗೆಳೆಯನಿಗೂ ಒಂದು ಮಾತ್ರೆ ಕೊಟ್ಟರು. ಅವನಿಗೆ ಮೊದಲೇ ಬಿ.ಪಿ. ಮಾತ್ರೆ ನಡೆಯುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆ ಅಂಗಡಿಯಲ್ಲೇ ನುಂಗಿ, ಷಟರ್ ಎತ್ತಲು ಬಗ್ಗಿ ಎದ್ದವನು ಅಲ್ಲೇ ಉರುಳಿದ. ತಲೆಗೆ ಹೊಲಿಗೆ ಹಾಕಿದವನು ನಾನೇ. “ಒಳ್ಳೇದಾಗಲಿ ಅಂತ ಕೊಟ್ಟೆ ಸಾಬ್,” ಎಂದು ಟೈಲರ್ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಬಟ್ಟೆಯನ್ನು ಅವರವರ ಅಳತೆಗೆ ಹೊಲಿಯುವ ನಿಮಗೆ ಇದನ್ನೂ ನಾನು ಹೇಳಬೇಕೇ ಎಂದು ಕೂಗಾಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮುಂದಿನ ವಾರ ಆ ಗೆಳೆಯನ ಜೊತೆಗೆ ಬೀದಿಯ ಇನ್ನೂ ಕೆಲವರನ್ನು ಕರೆತಂದು ಸಾಲಾಗಿ ಕೂರಿಸಿದರು.

ಮಾತ್ರೆಯ ಇನ್ನೊಂದು ಅವಾಂತರ ಪಾವಗಡದ್ದು. ತಿರುಮಣಿ ಕಡೆಯ ಒಬ್ಬರು, ಹೊಲವನ್ನು ಸೋಲಾರ್ ವಿದ್ಯುತ್ ಪಾರ್ಕಿಗೆ ಗುತ್ತಿಗೆ ಕೊಟ್ಟು ಆರಾಮಾಗಿದ್ದವರು, ನೆಗಡಿ ಎಂದು ಅಂಗಡಿಯಿಂದ ಶೀತದ ಮಾತ್ರೆ ತಂದು ನುಂಗಿದ್ದರು. ಮೂಗು ಕಟ್ಟಿದ್ದು ಬಿಟ್ಟಿತು, ಕೆಳಗಿನದು ಪೂರ್ತಿ ಕಟ್ಟಿತು. ಗ್ರಂಥಿ ಊದಿದವರಿಗೆ ಕೆಲವು ಶೀತದ ಮಾತ್ರೆಗಳು ಹೀಗೆ ಮಾಡುತ್ತವೆ ಎಂದು ಯಾರೂ ಹೇಳಿರಲಿಲ್ಲ, ಗ್ರಂಥಿ ಊದಿದೆ ಎಂದು ಅವರೂ ಯಾರಿಗೂ ಹೇಳಿರಲಿಲ್ಲ. ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಬಂದರು. “ಒಂಟಿಕಿ ರಾಲೇದು ಸಾರ್, ಉಚ್ಚೆ ಬರ್ತಿಲ್ಲ, ಚಚ್ಚಿಪೋತಾನು, ಸತ್ತೋಗ್ತೀನಿ, ಏನಾದ್ರೂ ಮಾಡಿ,” ಎಂದು ತೆಲುಗು ಕನ್ನಡ ಎರಡರಲ್ಲೂ ಗೋಳಾಡುತ್ತಿದ್ದರು. ನಳಿಕೆ ಹಾಕಿದ ಮೇಲೆ ಆ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನೋಡಬೇಕಿತ್ತು. ಸರ್ಜನ್ ಆದವನಿಗೆ ಇಷ್ಟು ಬೇಗ ಇಷ್ಟು ದೊಡ್ಡ ಹಾರೈಕೆ ಸಿಗುವ ಕೆಲಸ ಇನ್ನೊಂದಿಲ್ಲ. ಒಂದು ಮಾತು ನೆನಪಿಡಿ: ಇದ್ದಕ್ಕಿದ್ದಂತೆ ಕಟ್ಟಿದರೆ ಜೀವ ಹೋಗುವ ನೋವು, ರೋಗಿ ಓಡಿ ಬರುತ್ತಾನೆ, ಬದುಕುತ್ತಾನೆ. ನಿಧಾನವಾಗಿ ಕಟ್ಟಿಕೊಂಡರೆ ನೋವೇ ಇಲ್ಲ, ಅವನು ಬರುವುದಿಲ್ಲ. ರಂಗಶಾಮಯ್ಯನವರದು ಆ ಎರಡನೆಯ ಜಾತಿ. ಹಾಗಾಗಿಯೇ ಅವರು ನನ್ನ ತಲೆಯಿಂದ ಹೋಗುತ್ತಿರಲಿಲ್ಲ.

ಮೇಲಿನವರ ಸಹವಾಸವೂ ಕಮ್ಮಿಯದಲ್ಲ. ಒಮ್ಮೆ ಪರಿಶೀಲನಾ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು, ಹೆಸರು ಬೇಡ, ಈ ನಳಿಕೆಗಳು ನಿಮಗೇ ಯಾಕ್ರೀ ಇಷ್ಟೊಂದು ಬೇಕು, ಹೆರಿಗೆ ವಾರ್ಡಿನವರೇ ಇಷ್ಟು ಕೇಳಲ್ಲ ಎಂದರು. ಮುದುಕರು ಹೆಚ್ಚಿದ್ದಾರೆ ಸರ್ ಎಂದೆ. ಸಭೆಯಲ್ಲಿ ಎಲ್ಲರೂ ನಕ್ಕರು. ಸಭೆ ಮುಗಿದ ಮೇಲೆ ಆ ಅಧಿಕಾರಿಯೇ ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, ತಮ್ಮ ಭಾವನಿಗೆ ರಾತ್ರಿ ಬಹಳ ಸಲ ಏಳಬೇಕಾಗುತ್ತದೆ, ಏನು ಮಾಡಬೇಕು ಎಂದು ಕೇಳಿದರು. ಭಾವನಿಗೆ ಹೇಳಬೇಕಾದದ್ದನ್ನೆಲ್ಲ ಅವರಿಗೇ ಹೇಳಿ ಕಳಿಸಿದೆ: ನೀರು ಬಿಡಬೇಡಿ, ಸಂಜೆಯ ಮೇಲೆ ಕಡಿಮೆ ಮಾಡಿ, ರಾತ್ರಿ ಕಾಫಿ ಬೇಡ, ಸಕ್ಕರೆ ಕಾಯಿಲೆ ಇದೆಯೇ ನೋಡಿಸಿ, ಒಮ್ಮೆ ಬಂದು ತೋರಿಸಿ. ಅವರು ಗಮನವಿಟ್ಟು ಕೇಳಿಸಿಕೊಂಡರು. ನಳಿಕೆಗಳಂತೂ ಆಮೇಲೆ ತಡವಾಗಲಿಲ್ಲ.

ನಾನು ಕಲಿಯುವ ಕಾಲದಲ್ಲಿ ಆಪರೇಷನ್ ಎಂದರೆ ಕೆಳಹೊಟ್ಟೆ ಕೊಯ್ದು ಬೆರಳು ಹಾಕಿ ಗ್ರಂಥಿಯನ್ನು ಸುಲಿದು ತೆಗೆಯುವುದು. ರಕ್ತ ಕೊಡುವವರು ಬೇಕು, ವಾರಗಟ್ಟಲೆ ಹಾಸಿಗೆ ಬೇಕು. ಆಮೇಲೆ ಮೂತ್ರದ ದಾರಿಯಲ್ಲೇ ದುರ್ಬೀನು ಇಳಿಸಿ, ಅಡ್ಡ ಬಂದಷ್ಟನ್ನು ಹೆರೆದು ತೆಗೆಯುವುದು ಬಂತು. ಹೊರಗೆ ಒಂದು ಗಾಯವೂ ಇಲ್ಲ. ಈಗ ದೊಡ್ಡ ಊರುಗಳಲ್ಲಿ ಲೇಸರ್ ಇದೆ. ಇಷ್ಟೆಲ್ಲ ಬದಲಾದರೂ ಜನರ ಬಾಯಲ್ಲಿ ಮಾತು ಒಂದೇ, ಆಪರೇಷನ್ ಮಾಡಿಸಿದರೆ ಗಂಡಸುತನ ಹೋಗುತ್ತದೆ. ಹೋಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಡಾಕ್ಟರುಗಳ ಮೇಲೂ ನನಗೆ ಸಿಟ್ಟಿದೆ. ಹೆಚ್ಚಿನವರಿಗೆ ಶಕ್ತಿ ಇದ್ದಂತೆಯೇ ಇರುತ್ತದೆ, ಆದರೆ ವೀರ್ಯ ಹೊರಗೆ ಬಾರದೆ ಮೂತ್ರಕೋಶದ ಕಡೆಗೆ ಹೋಗುವುದು ಸಾಮಾನ್ಯ. ಅದರಿಂದ ಅಪಾಯವಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳಿ. ನೀವು ನಾಚಿಕೊಂಡು ನುಂಗಿಕೊಂಡರೆ ರೋಗಿ ಆಮೇಲೆ ಗಾಬರಿಬಿದ್ದು ಊರಿಗೆಲ್ಲ ಬೇರೆಯೇ ಕಥೆ ಹಬ್ಬಿಸುತ್ತಾನೆ, ಇನ್ನು ಹತ್ತು ಜನ ಮನೆಯಲ್ಲೇ ಕೊಳೆಯುತ್ತಾರೆ.

ರಂಗಶಾಮಯ್ಯ ಮತ್ತೆ ಬಂದದ್ದು ಆರೇಳು ತಿಂಗಳಾದ ಮೇಲೆ, ಬೇಸಗೆ ಮುಗಿಯುವ ಹೊತ್ತಿಗೆ. ಬಂದರು ಎನ್ನುವುದು ತಪ್ಪು, ಹೊತ್ತು ತಂದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲವೆಂದು ಸಿದ್ದಗಂಗಮ್ಮ ಹೊಲಕ್ಕೆ ಹೋಗಿ ನೋಡಿದರೆ ಪಂಪ್‌ಸೆಟ್ ಮನೆಯಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದರಂತೆ. ಮುಖ ಊದಿತ್ತು, ಕರೆದರೆ ತೊದಲುತ್ತಿದ್ದರು, ಹೆಂಡತಿಯ ಗುರುತೂ ಸರಿಯಾಗಿ ಹತ್ತುತ್ತಿರಲಿಲ್ಲ. ಹೊಟ್ಟೆ ಮುಟ್ಟಿದೆ. ಮೂತ್ರಕೋಶ ಹೊಕ್ಕುಳವರೆಗೆ ಬಂದು ಕೂತಿತ್ತು.

“ಗಡ್ಡೆ ಏನ್ಸಾ ಅದು?” ಎಂದರು ಸಿದ್ದಗಂಗಮ್ಮ.

“ಅಲ್ಲಮ್ಮ. ಉಚ್ಚೆ.”

ಆಕೆಗೆ ಅರ್ಥವಾಗಲಿಲ್ಲ. ನಳಿಕೆ ಹಾಕಿದೆ. ಚೀಲ ತುಂಬಿತು, ಖಾಲಿ ಮಾಡಿದೆವು, ಮತ್ತೆ ತುಂಬಿತು. ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಮೂತ್ರಪಿಂಡಗಳು ಸೋತಿದ್ದವು. ನನಗೆ ಆ ಮನುಷ್ಯನ ಮೇಲೆ ಬಂದ ಕೋಪ ಇಷ್ಟಿಷ್ಟಲ್ಲ. ಪ್ರಜ್ಞೆ ಸರಿಯಿಲ್ಲದವರನ್ನು ಬೈದು ಏನು ಪ್ರಯೋಜನ? ಆಂಬುಲೆನ್ಸ್ ಮಾಡಿ ತುಮಕೂರಿಗೆ ಕಳಿಸಿದೆ. ಹತ್ತುವಾಗ ಸಿದ್ದಗಂಗಮ್ಮ, “ಉಳೀತಾರಾ ಸಾ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಉಳಿದರು. ಅಲ್ಲಿ ಕೆಲವು ಸಲ ಡಯಾಲಿಸಿಸ್ ಮಾಡಿದರು. ನಳಿಕೆಯಲ್ಲಿ ಸರಾಗವಾಗಿ ಹರಿಯತೊಡಗಿದ ಮೇಲೆ ಮೂತ್ರಪಿಂಡಗಳು ಒಂದಿಷ್ಟು ಚೇತರಿಸಿಕೊಂಡವು. ಆಮೇಲೆ ದುರ್ಬೀನಿನ ಆಪರೇಷನ್ನೂ ಆಯಿತು. ಆಮೇಲಿನ ತಪಾಸಣೆಗೆ ಇಬ್ಬರೂ ಮಧುಗಿರಿಗೆ, ನನ್ನ ಹತ್ತಿರವೇ ಬಂದರು. ರಂಗಶಾಮಯ್ಯ ಇಳಿದುಹೋಗಿದ್ದರು, ಆದರೆ ನಡೆದುಕೊಂಡು ಬಂದರು. ಧಾರೆ ಹೇಗಿದೆ ಎಂದು ಕೇಳಿದೆ. “ಹುಡುಗ್ರಂಗೆ ಹೋಯ್ತೈತೆ ಸಾ,” ಎಂದರು. ಅಷ್ಟು ಹೇಳುವಾಗ ಮಾತ್ರ ಅವರ ಮುಖದಲ್ಲಿ ಹಳೆಯ ಯಜಮಾನಿಕೆ ಒಂದು ಚೂರು ಕಂಡಿತು.

ಹೊಸ ರಕ್ತ ಪರೀಕ್ಷೆಯನ್ನು ನೋಡಿ ಚೀಟಿಯಲ್ಲಿ ಬರೆಯುತ್ತ ಹೇಳಿದೆ: ಆಪರೇಷನ್ ಚೆನ್ನಾಗಿದೆ, ಆದರೆ ಕಿಡ್ನಿ ಅರ್ಧ ಹೋಗಿದೆ, ಹೋದದ್ದು ವಾಪಸ್ ಬರುವುದಿಲ್ಲ. ಉಪ್ಪು ಕಡಿಮೆ ಮಾಡಿ, ನೋವಿನ ಮಾತ್ರೆ ಮುಟ್ಟಬೇಡಿ, ಇನ್ನು ಮೇಲೆ ತಪ್ಪದೆ ಬಂದು ತೋರಿಸುತ್ತಿರಬೇಕು.

“ಅದೆಂಗ್ ಸಾ ಇದ್ದಕ್ಕಿದ್ದಂಗೆ ಕಿಡ್ನಿ ಹೋಗ್ಬುಡ್ತು?” ಸಿದ್ದಗಂಗಮ್ಮ ಕೇಳಿದರು. “ಚೆನ್ನಾಗೇ ಇದ್ರಲ್ಲ.”

ಇಷ್ಟೆಲ್ಲ ಆದರೂ ಈ ಮಹಾನುಭಾವ ಹೆಂಡತಿಗೆ ಹೇಳಿಲ್ಲ! ಪೆನ್ನು ಮೇಜಿನ ಮೇಲೆ ಇಟ್ಟೆ.

“ಯಜಮಾನ್ರೇ, ಇದ್ದಕ್ಕಿದ್ದ ಹಾಗೆ ಆಗಿದ್ದಲ್ಲ ಅಂತ ನೀವು ಹೇಳ್ತೀರೋ, ಇಲ್ಲ ನಾನು ಎದ್ದು ಆಚೆ ಹೋಗ್ಲೋ?”

ರಂಗಶಾಮಯ್ಯ ಟವಲಿನ ತುದಿ ತಿರುಚಿದರು. ಬಹಳ ಹೊತ್ತು ತಿರುಚಿದರು. ಆಮೇಲೆ ತಲೆ ಎತ್ತದೆ, “ಚಾಪೆ ಒದ್ದೆ ಆಗೋದು ಕಣಮ್ಮಿ,” ಎಂದರು. “ನಿದ್ದೇಲೇ. ಗೊತ್ತೇ ಆಗ್ತಿರ್ಲಿಲ್ಲ.”

“ಅದುಕ್ಕೆ ಹೋದ್ಯಾ ಪಂಪ್‌ಸೆಟ್ ಮನೆಗೆ?”

“ಹ್ಞೂಂ. ನಿಂಗೆ ಹೇಸಿಗೆ ಆಯ್ತದೆ ಅಂತ.”

ಆಕೆ ಗಂಡನನ್ನೇ ನೋಡಿದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಕೇಳಲು ಸುಲಭವಾಗುತ್ತಿತ್ತು.

“ನಿಮ್ಮವ್ವ ಮಂಚ ಹಿಡ್ದು ಮಲಗಿದ್ದಾಗ ಸಾಯೋಗಂಟ ಹಾಸಿಗೆ ತೊಳ್ದೋಳು ಯಾರು? ನಾಕು ಮಕ್ಳ ಹೇಲು ಉಚ್ಚೆ ಬಾಚ್ದೋಳು ಯಾರು? ಆವಾಗ ಬರ್ದಿದ್ದ ಹೇಸಿಗೆ ನಿನ್ನ ಒಂದು ಚಾಪೆಗೆ ಬತ್ತಿತ್ತಾ?” ಅವರು ಉಸಿರೆಳೆದುಕೊಂಡರು. “ಒಂದು ವರ್ಷ. ನಾನೇನ್ ತಪ್ಪು ಮಾಡ್ದೆ, ಯಾಕೆ ಈವಯ್ಯಂಗೆ ನಾನು ಬ್ಯಾಡ್ದೋಳಾದೆ ಅಂತ ಒಬ್ಳೇ ಕುಂತು ಅತ್ತಿವ್ನಿ. ಕಾಣ್ದ ದ್ಯಾವ್ರಿಗೆಲ್ಲ ಹರಕೆ ಕಟ್ಕಂಡಿವ್ನಿ. ನನ್ ಅಡಿಗೆ ಸರಿಗಿಲ್ವೇನೋ ಅಂತ ಸಾರ್‌ನ ಎರಡೆರಡು ಸಲ ರುಚಿ ನೋಡಿವ್ನಿ.”

ಆಕೆ ನನ್ನ ಕಡೆ ತಿರುಗಿದರು.

“ಅವ್ರ ಕಿಡ್ನಿ ಅರ್ಧ ಹೋಯ್ತು ಅಂತ ಬರ್ಕಂಡ್ರಿ. ನಂದೊಂದು ವರ್ಷ ಹೋಯ್ತಲ್ಲ ಸಾ, ಅದ್ನ ಎಲ್ಲಿ ಬರ್ಕಂತೀರಿ?”

ರಂಗಶಾಮಯ್ಯ, ಊರಿಗೆಲ್ಲ ನ್ಯಾಯ ಹೇಳಿದ ಮನುಷ್ಯ, ನನ್ನ ಎದುರಿಗೇ ಬಾಯಿಗೆ ಕೈ ಒತ್ತಿಕೊಂಡು ಅಳತೊಡಗಿದರು. ಸಿದ್ದಗಂಗಮ್ಮ ಸೆರಗಿನಿಂದ ಗಂಡನ ಮುಖ ಒರೆಸಿ, ತೋಳು ಹಿಡಿದು ಎಬ್ಬಿಸುತ್ತ, “ಸಾಕು ಏಳು, ಬಸ್ಸು ಹೊಂಟೋಯ್ತದೆ,” ಎಂದರು.